ಚರ್ಚಿನ ಬಾಗಿಲಿಗೆ ಬಂದ ಗಣತಿ

ರಾಜ್ಯದಲ್ಲಿ ಅಧಿಕೃತ ಚರ್ಚುಗಳೆಷ್ಟು, ಅನಧಿಕೃತವೆಷ್ಟು ಎಂದು ಸಮೀಕ್ಷೆ ಮಾಡಿ ಪಟ್ಟಿ ಕೊಡಿ ಎಂದು 2021ರ ಅಕ್ಟೋಬರಿನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದು ವಿಧಾನಮಂಡಲದ ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಸಮಿತಿ. ಹೆಸರಿನಲ್ಲೇನೋ ಕಲ್ಯಾಣವಿತ್ತು. ‘ಅನಧಿಕೃತ’ ಎಂಬ ಮಾತಿನ ತೂಕ ತಿಳಿಯಲು ಒಂದೇ ತಿಂಗಳು ಹಿಂದೆ ನೋಡಿದರೆ ಸಾಕು. ನಂಜನಗೂಡು ತಾಲ್ಲೂಕಿನ ಹುಚ್ಚಗಣಿ ದೇವಸ್ಥಾನವನ್ನು ಕೆಡವಿದ್ದಕ್ಕೆ ಜನ ಸಿಟ್ಟಾದಾಗ, ಸಾರ್ವಜನಿಕ ಜಾಗದಲ್ಲಿ ಅನುಮತಿಯಿಲ್ಲದೆ ಎದ್ದ ಧಾರ್ಮಿಕ ಕಟ್ಟಡಗಳನ್ನು ಉಳಿಸಿಕೊಳ್ಳಲೆಂದೇ ಅದೇ ಸೆಪ್ಟೆಂಬರಿನಲ್ಲಿ ಶಾಸನಸಭೆ ಮಸೂದೆ ಪಾಸು ಮಾಡಿತ್ತು. ಅದು ಎಲ್ಲ ಧರ್ಮಗಳಿಗೂ ಅನ್ವಯ. ಹಾಗಿದ್ದ ಮೇಲೆ ಚರ್ಚಿನ ಪರವಾನಗಿಯ ಚಿಂತೆ ಹುಟ್ಟಿದ್ದೆಲ್ಲಿಂದ? ಬಲವಂತದ ಮತಾಂತರದ ಗುಮಾನಿಯಿಂದ. ಪೊಲೀಸ್ ಗುಪ್ತಚರ ವಿಭಾಗದಿಂದಲೂ ಇಂಥದೇ ಸೂಚನೆ ಹೊರಟು, ಅದರ ವಿರುದ್ಧ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿನ ಮೆಟ್ಟಿಲೇರಿದಾಗ ಕಟ್ಟಡದ ನೆಪವೂ ಉಳಿಯಲಿಲ್ಲ.

ದೇವಸ್ಥಾನಗಳ ಲೆಕ್ಕ ಮುಜರಾಯಿ ಇಲಾಖೆಯಲ್ಲಿಲ್ಲವೇ, ತಪ್ಪು ಮಾಡದವರಿಗೆ ಭಯವೇಕೆ ಎಂದು ಕೇಳುವವರಿದ್ದಾರೆ. ಮುಜರಾಯಿ ಲೆಕ್ಕ ಹುಂಡಿ, ಜಮೀನು, ಅರ್ಚಕರ ತಸ್ತೀಕಿನದು; ಅದಕ್ಕೆ ಗುಪ್ತಚರರು ಬೇಕಿಲ್ಲ, ಪೂಜೆಗೆ ಯಾರು ಬಂದರೆಂದು ಅದು ಕೇಳುವುದೂ ಇಲ್ಲ. ಇನ್ನು ಭಯದ ಮಾತು. ಸಮಿತಿಯ ಸೂಚನೆ ಹೊರಬಿದ್ದ ಆ ವಾರವೇ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಗುಂಪೊಂದು ಪ್ರಾರ್ಥನಾಲಯಕ್ಕೆ ನುಗ್ಗಿ ಭಜನೆ ಹಾಡಿತು. ಮತಾಂತರದ ಆರೋಪದ ಮೇಲೆ ಪಾದ್ರಿಯ ಬಂಧನವಾಯಿತು. ಇಂಥ ಹೊತ್ತಿನಲ್ಲಿ ಸರ್ಕಾರಿ ಮೊಹರಿನ ವಿಳಾಸಪಟ್ಟಿ ಯಾರ ಕೈ ಸೇರೀತು ಎಂಬ ಚಿಂತೆಗೆ ತಪ್ಪು ಮಾಡಿರಲೇಬೇಕೆಂದಿಲ್ಲ. ಮತಾಂತರಿಸುವ ಹಕ್ಕು ಮೂಲಭೂತವಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ, ನಿಜ. ಬಲಾತ್ಕಾರ ನಡೆದಿದ್ದರೆ ದೂರು ಬರಲಿ, ತನಿಖೆಯಾಗಲಿ. ದೂರಿಗೆ ಮೊದಲೇ ಎಲ್ಲರ ಪಟ್ಟಿ ಏಕೆ? ತನ್ನ ತಾಯಿಯೇ ಮತಾಂತರಗೊಂಡರೆಂದು ಸದನದಲ್ಲಿ ವಿಷಯವೆತ್ತಿದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ಅವರ ಹೊಸದುರ್ಗದಲ್ಲೇ ವಿಚಾರಿಸಿ ನೋಡಿದ್ದಾಯಿತು. ಬಲವಂತ ಕಂಡಿಲ್ಲ ಎಂದು ತಹಸೀಲ್ದಾರರು ವರದಿ ಕೊಟ್ಟರು. ಸ್ವಲ್ಪ ದಿನಗಳಲ್ಲೇ ಅವರಿಗೆ ವರ್ಗಾವಣೆಯಾಯಿತು. ಎರಡಕ್ಕೂ ಸಂಬಂಧವಿಲ್ಲ ಎಂದೇ ಇಟ್ಟುಕೊಳ್ಳೋಣ. ಡಿಸೆಂಬರ್ 23ರಂದು ವಿಧಾನಸಭೆ ಮತಾಂತರ ವಿರೋಧಿ ಮಸೂದೆಯನ್ನಂತೂ ಅಂಗೀಕರಿಸಿತು. ಉತ್ತರ ಏನೇ ಬಂದರೂ ತೀರ್ಮಾನ ಬದಲಾಗದಿದ್ದರೆ ಕೇಳಿದ್ದಾದರೂ ಏಕೆ?

ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಈ ಸಮೀಕ್ಷೆ ವ್ಯರ್ಥ, ಅನಗತ್ಯ ಎಂದು ನೇರವಾಗಿಯೇ ವಿರೋಧಿಸಿದರು. ಎಣಿಸುವುದೇ ಆದರೆ ನಮ್ಮ ಶಾಲೆ, ಆಸ್ಪತ್ರೆಗಳನ್ನೂ ಎಣಿಸಿ ಎಂದರು. ಜನಗಣತಿಯೂ ಅವರ ಕಡೆಗಿದೆ: ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು 2001ರಲ್ಲಿ ಶೇ 1.91, 2011ರಲ್ಲಿ ಶೇ 1.87. ಮತಾಂತರದ ಹುಯಿಲಿಗೆ ಈ ಅಂಕಿ ಒಳ್ಳೆಯ ಉತ್ತರವೇ. ಆದರೂ ಈ ಎರಡು ವಾದಗಳಿಗೆ ಆತುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಪಾಲು ಶೇ 3 ಆಗಿದ್ದರೆ ನಿಗಾ ಇಡುವುದು ನ್ಯಾಯವಾಗುತ್ತಿತ್ತೇ? ಸಂವಿಧಾನದ 25ನೇ ವಿಧಿ ಪ್ರಾರ್ಥನೆಯ ಹಕ್ಕನ್ನು ಸೇವೆಗೆ ಕೊಟ್ಟ ಕೂಲಿಯಾಗಿ ಬರೆದಿಲ್ಲ. ದೊಡ್ಡ ಚರ್ಚಿಗೆ ತೋರಿಸಲು ಸೇಂಟ್ ಜಾನ್ಸ್ ಆಸ್ಪತ್ರೆಯಿದೆ. ಬಾಡಿಗೆ ಮನೆಯ ಹಜಾರದಲ್ಲಿ ಭಾನುವಾರ ಸೇರುವ ಹದಿನೈದು ಇಪ್ಪತ್ತು ಕೂಲಿಕಾರರ ಬಳಿ ಬೈಬಲ್ಲು, ಒಂದು ತಬಲಾ ಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ. ಪಟ್ಟಿ ಹಿಡಿದವರು ಮೊದಲು ತಟ್ಟುವುದು ಆ ಮನೆಯ ಬಾಗಿಲನ್ನೇ.