ಅಭಿಮಾನ ಬೇರೆ, ಅಭಿಪ್ರಾಯ ಬೇರೆ

ಮಹಾನಗರಗಳ ಕನ್ನಡ ಸಂಘಗಳಲ್ಲಿ ಇಬ್ಬರು ಪರಿಚಿತರು ಎದುರಾದಾಗ ಯೋಗಕ್ಷೇಮದ ಮಾತು ಮುಗಿದೊಡನೆ ಬರುವ ಪ್ರಶ್ನೆಗಳು ಎರಡು. ಒಂದು, ‘ಊರಿಗೆ ಹೋಗಿದ್ದಿರಾ?’ ಎಂಬುದು, ಇನ್ನೊಂದು, ‘ಆ ಹೊಸ ಸಿನಿಮಾ ನೋಡಿದಿರಾ?’ ಎಂಬುದು. ಮೊದಲನೆಯ ಪ್ರಶ್ನೆಗೆ ವರ್ಷಕ್ಕೊಮ್ಮೆ ಹೌದೆಂದು ಹೇಳುವಂತಾದರೆ ಅದೇ ಭಾಗ್ಯ. ಎರಡನೆಯದಕ್ಕೆ ಮಾತ್ರ ವಾರವಾರವೂ ಉತ್ತರವುಂಟು. ಚಿತ್ರಮಂದಿರ, ಟಿ.ವಿ., ಅಂಗೈಯ ಮೊಬೈಲು, ಈ ಮೂರರಲ್ಲಿ ಒಂದರ ಮೂಲಕವಾದರೂ ಕನ್ನಡದ ಚಿತ್ರವೋ ಧಾರಾವಾಹಿಯೋ ಮನೆಯೊಳಗೆ ಬಂದೇ ಬರುತ್ತದೆ. ನೋಡಿದುದರ ಬಗ್ಗೆ ಆಡುವ ನಾಲ್ಕು ಮಾತುಗಳನ್ನು ಬರಿಯ ಕಾಲಹರಣವೆಂದು ಭಾವಿಸುವವರು ಬಹಳ ಮಂದಿ. ಆದರೆ ಹೊರನಾಡಿನಲ್ಲಿ ಈ ಹರಟೆಗೆ ಹರಟೆಯನ್ನು ಮೀರಿದ ಬೆಲೆಯಿದೆ.

ಹೊರನಾಡ ಕನ್ನಡಿಗರ ಮನೆಗಳಲ್ಲಿ ಕನ್ನಡವು ಯಾವ ಕೆಲಸಕ್ಕೆ ಉಳಿದಿದೆ ಎಂಬುದನ್ನು ಒಮ್ಮೆ ಗಮನಿಸಬೇಕು. ‘ಊಟಕ್ಕೆ ಬಾ’, ‘ಬಾಗಿಲು ಹಾಕು’, ‘ಅಜ್ಜಿಗೆ ಮಾತ್ರೆ ಕೊಡು’, ಇಷ್ಟಕ್ಕೆ ಕನ್ನಡ ಸಾಕಾಗುತ್ತದೆ. ಆದರೆ ಒಂದು ವಿಷಯವನ್ನು ತೂಗಿ ನೋಡಿ, ಇದು ಸರಿ, ಇದು ತಪ್ಪು, ಇದಕ್ಕೆ ಕಾರಣ ಇಂತಹುದು ಎಂದು ಹೇಳಬೇಕಾದಾಗ ಮಕ್ಕಳ ನಾಲಗೆ ಇಂಗ್ಲಿಷಿಗೋ ಹಿಂದಿಗೋ ಹೊರಳುತ್ತದೆ. ಭಾಷೆಯೊಂದು ಅಡುಗೆಮನೆಯಲ್ಲಿ ಮಾತ್ರ ಉಳಿದು, ವಾದಕ್ಕೂ ವಿವೇಚನೆಗೂ ಒದಗದಂತಾದರೆ ಅದರ ಆಯುಸ್ಸು ಹೆಚ್ಚು ದಿನದ್ದಲ್ಲ. ಅಜ್ಜಿ, ಸೊಸೆ, ಮೊಮ್ಮಗ ಮೂವರೂ ಒಟ್ಟಿಗೆ ನೋಡಿರುವ, ಮೂವರಿಗೂ ಹೇಳಲು ಏನಾದರೂ ಇರುವ ವಸ್ತು ಇಂದಿನ ಮನೆಗಳಲ್ಲಿ ಸಿನಿಮಾ ಒಂದೇ ಎಂದರೆ ಅತಿಶಯೋಕ್ತಿಯಾಗದು. ಅಲ್ಲಿ ನಡೆಯುವ ಭಿನ್ನಾಭಿಪ್ರಾಯ ಕನ್ನಡದಲ್ಲಿ ನಡೆದರೆ ಅದು ಯಾವ ಪಾಠಶಾಲೆಗೂ ಕಡಿಮೆಯದಲ್ಲ.

ಆದರೆ ಈ ಮಾತುಕತೆಗೆ ಎರಡು ವ್ಯಾಧಿಗಳು ಅಂಟಿಕೊಂಡಿವೆ. ಒಂದು, ಕನ್ನಡದ್ದೆಂದ ಮಾತ್ರಕ್ಕೆ ಹೊಗಳಲೇಬೇಕೆಂಬ ಹಟ. ಇನ್ನೊಂದು, ಕನ್ನಡದ್ದೆಂದ ಮಾತ್ರಕ್ಕೆ ನೋಡದೆಯೇ ಮೂಗು ಮುರಿಯುವ ಚಾಳಿ. ಮೊದಲನೆಯದು ಅಭಿಮಾನದ ಅತಿರೇಕ, ಎರಡನೆಯದು ಮಹಾನಗರದ ಒಣ ಠೀವಿ. ಎರಡರಲ್ಲಿಯೂ ಚಿತ್ರವನ್ನು ನೋಡಿದ ಕಣ್ಣಿಲ್ಲ. ಎರಡನೆಯ ವ್ಯಾಧಿಯನ್ನು ಕನ್ನಡ ಸಂಘಗಳು ಆಗಾಗ ಖಂಡಿಸುತ್ತಲೇ ಬಂದಿವೆ. ಮೊದಲನೆಯದನ್ನು ವ್ಯಾಧಿಯೆಂದು ಯಾರೂ ಗುರುತಿಸುವುದಿಲ್ಲ. ಮೊಮ್ಮಗನೊಬ್ಬ ‘ಕೆ.ಜಿ.ಎಫ್.’ ಚಿತ್ರದಲ್ಲಿ ಗದ್ದಲವೇ ಹೆಚ್ಚೆಂದೋ, ಮನೆಮಂದಿ ಮೆಚ್ಚಿದ ಧಾರಾವಾಹಿ ಎಳೆದಾಡುತ್ತಿದೆಯೆಂದೋ ಹೇಳಿದಾಗ, ‘ನಿನಗೆ ಕನ್ನಡವೆಂದರೆ ತಾತ್ಸಾರ’ ಎಂದು ಗದರಿಸುವ ಹಿರಿಯರುಂಟು. ಹುಡುಗ ಮತ್ತೆ ಆ ಮಾತೆತ್ತುವುದಿಲ್ಲ. ಹಿರಿಯರು ಗೆದ್ದೆವೆಂದು ತಿಳಿಯುತ್ತಾರೆ. ವಾಸ್ತವವಾಗಿ ಆ ಹುಡುಗನು ಕನ್ನಡ ಚಿತ್ರದ ಬಗ್ಗೆ ಮಾತನಾಡುವುದನ್ನೇ ಬಿಟ್ಟಿರುತ್ತಾನೆ; ಸ್ವಲ್ಪ ಕಾಲದಲ್ಲಿ ನೋಡುವುದನ್ನೂ ಬಿಡುತ್ತಾನೆ. ಒಂದು ಭಾಷೆಯಲ್ಲಿ ‘ನನಗೆ ಹಿಡಿಸಲಿಲ್ಲ’ ಎಂದು ಹೇಳುವ ಸ್ವಾತಂತ್ರ್ಯ ಇರುವವರೆಗೆ ಮಾತ್ರ ಆ ಭಾಷೆ ತನ್ನದೆಂಬ ಭಾವ ಉಳಿದೀತು.

ಕನ್ನಡ ಚಿತ್ರಕ್ಕೂ ಹೊರನಾಡಿಗೂ ಇರುವ ನಂಟು ಹೊಸದಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದುದು ಕೊಲ್ಹಾಪುರದಲ್ಲಿ. ಅನಂತರದ ದಶಕಗಳಲ್ಲಿ ಕನ್ನಡ ಚಿತ್ರಗಳ ಬಹುಪಾಲು ಕೆಲಸ ಮದ್ರಾಸಿನ ಸ್ಟುಡಿಯೋಗಳಲ್ಲಿ ನಡೆಯಿತು. ಆ ಚಿತ್ರಗಳ ಬಗ್ಗೆ ಅಭಿಪ್ರಾಯಭೇದವೂ ಹೇರಳವಾಗಿತ್ತು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ (1970) ಸೆನ್ಸಾರಿನ ತಡೆಯನ್ನು ದಾಟಿ ಬಂದು, ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು; ಆ ಮೇಲೂ ಅದರ ಕುರಿತ ಜಗಳ ನಿಲ್ಲಲಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಾಗ ಚಾಮಯ್ಯ ಮೇಷ್ಟರು ರಾಮಾಚಾರಿಗೆ ಮಾಡಿದುದು ಉಪಕಾರವೋ ಅಪಕಾರವೋ ಎಂಬ ಪ್ರಶ್ನೆ ಎದ್ದಿತು. ಅದು ಇಂದಿಗೂ ಬಗೆಹರಿದಿಲ್ಲ. ಹೀಗೆ ವಾದಿಸಿದವರೆಲ್ಲ ವಿಮರ್ಶಕರಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದ ಮುಂಬಯಿಯ ಕನ್ನಡ ಹುಡುಗರಿಗೂ ಇಂತಹ ವಿಷಯಗಳಲ್ಲಿ ತಮ್ಮದೇ ಆದ ಖಚಿತ ನಿಲುವಿರುತ್ತಿತ್ತು. ಅವರ ಕನ್ನಡಾಭಿಮಾನಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ಈಚಿನ ಚಿತ್ರಗಳಲ್ಲಿಯೂ ಮಾತಿಗೆ ಬರವಿಲ್ಲ. 2022ರ ‘ಕಾಂತಾರ’ವನ್ನು ತೆಗೆದುಕೊಳ್ಳಬಹುದು. ಭೂತಕೋಲದ ಕೊನೆಯ ಭಾಗ ಮೈನವಿರೇಳಿಸುವಂತಹುದು ಎಂಬುದರಲ್ಲಿ ಹೆಚ್ಚಿನವರಿಗೆ ಒಮ್ಮತ. ಆದರೆ ಮೊದಲ ಅರ್ಧದಲ್ಲಿ ನಾಯಕ ಶಿವನು ಲೀಲಾಳೊಡನೆ ನಡೆದುಕೊಳ್ಳುವ ರೀತಿ ಪ್ರೇಮವಲ್ಲ, ಕಾಟ ಎಂದು ಮನೆಯ ಹೆಣ್ಣುಮಗಳೊಬ್ಬಳು ಹೇಳಿದರೆ ಅದನ್ನು ದೈವನಿಂದೆಯಂತೆ ಕಾಣಬೇಕಾಗಿಲ್ಲ. ಎರಡೂ ಮಾತುಗಳು ಏಕಕಾಲಕ್ಕೆ ನಿಜವಾಗಿರಬಹುದು. 2025ರಲ್ಲಿ ಬಂದ ‘ಕಾಂತಾರ: ಅಧ್ಯಾಯ 1’ ವೈಭವದಲ್ಲಿ ಮೊದಲಿನದನ್ನು ಮೀರಿಸಿದೆ. ಆದರೆ ಅರಮನೆಯೂ ಯುದ್ಧವೂ ಬೆಳೆದಂತೆ, ಮೊದಲ ಚಿತ್ರದಲ್ಲಿದ್ದ ಹಳ್ಳಿಯ ಅಂಗಳದ ಸಲಿಗೆ ಕರಗಿತಲ್ಲ ಎಂಬ ಕೊರಗೂ ಅಷ್ಟೇ ಪ್ರಾಮಾಣಿಕವಾದ ಅಭಿಪ್ರಾಯ.

ಮಹಾನಗರದ ಸಂಘಗಳಿಗೆ ಇಂತಹ ಚಿತ್ರಗಳಿಂದ ಇನ್ನೊಂದು ಲಾಭವುಂಟು. ಧಾರವಾಡದವರು, ಮಂಡ್ಯದವರು, ಕಲಬುರಗಿಯವರು, ಕರಾವಳಿಯವರು ಒಂದೇ ಸೂರಿನಡಿ ಸೇರುವುದು ಊರಿನಲ್ಲಿ ಅಪರೂಪ, ಹೊರನಾಡಿನ ಸಂಘದಲ್ಲಿ ಸಾಮಾನ್ಯ. ‘ಕಾಂತಾರ’ದ ಕುಂದಾಪುರ ಕನ್ನಡ ವಿಜಯಪುರದವರಿಗೆ ಮೊದಲ ಹತ್ತು ನಿಮಿಷ ತಡವರಿಸುವಂತೆ ಮಾಡೀತು. ರಾಮ್ ರೆಡ್ಡಿಯವರ ‘ತಿಥಿ’ಯ ಮಂಡ್ಯದ ಮಾತು ಮಂಗಳೂರಿನವರಿಗೆ ಒರಟೆನಿಸೀತು. ‘ನಾಗಮಂಡಲ’ದ (1997) ಉತ್ತರ ಕರ್ನಾಟಕದ ಸೊಗಡು ಮೈಸೂರಿನವರಿಗೆ ಹೊಸದಾಗಿ ಕೇಳಿಸೀತು. ‘ಆ ಮಾತಿನ ಅರ್ಥವೇನು?’ ಎಂದು ಒಬ್ಬರನ್ನೊಬ್ಬರು ಕೇಳುವುದೇ ಆಗ ಭಾಷೆಯ ಪಾಠವಾಗುತ್ತದೆ. ಪುಸ್ತಕದ ಕನ್ನಡ ಒಂದೇ ಕನ್ನಡವೆಂದು ತಿಳಿದ ಮಕ್ಕಳಿಗೆ ತಮ್ಮ ಭಾಷೆಯ ವಿಸ್ತಾರ ತಿಳಿಯುವ ಬಗೆಯೂ ಇದೇ.

ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗಗಳಾಗಿ ಬಂದಿತು. ಪ್ರೀತಿಸಿದ ಹುಡುಗಿಯೊಡನೆ ಒಂದು ಮನೆ ಮಾಡಿಕೊಳ್ಳಬೇಕೆಂಬ ಆಸೆಯಿಂದ, ಶ್ರೀಮಂತರ ಕಾರು ಓಡಿಸುವ ಮನು ತಾನು ಮಾಡದ ಅಪಘಾತದ ಹೊಣೆಯನ್ನು ಹಣಕ್ಕಾಗಿ ಹೊತ್ತು ಸೆರೆಮನೆ ಸೇರುತ್ತಾನೆ. ಇದು ಪ್ರೇಮವೇ, ಮೌಢ್ಯವೇ? ಒಂದು ಕೋಣೆಯ ಮನೆಗಾಗಿ ಇಪ್ಪತ್ತು ವರ್ಷ ಕಂತು ಕಟ್ಟಿದ ಮುಂಬಯಿಯ ಗೃಹಸ್ಥರಿಗೆ ಈ ಪ್ರಶ್ನೆಯ ಭಾರ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಮಗಳು ಮನುವಿನ ಪಕ್ಷ ವಹಿಸಬಹುದು, ತಂದೆ ಪ್ರಿಯಾಳ ಪಕ್ಷ ವಹಿಸಬಹುದು. ಆ ವಾದದ ನೆಪದಲ್ಲಿ, ತಾನು ಮನೆ ಕೊಂಡ ಕಾಲದ ಕಷ್ಟವನ್ನು ತಂದೆ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಬಹುದು. ಚಿತ್ರದ ಗುಣದೋಷಗಳೇನೇ ಇರಲಿ, ಈ ಒಂದು ಸಂಜೆಯ ಮಾತುಕತೆಗಾಗಿಯಾದರೂ ಅದಕ್ಕೆ ಕೃತಜ್ಞರಾಗಿರಬೇಕು.

ಸುಮಂತ್ ಭಟ್ ಅವರ ‘ಮಿಥ್ಯ’ ಹೊರನಾಡ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 2025ರ ಮಾರ್ಚ್ ತಿಂಗಳಲ್ಲಿ ತೆರೆಕಂಡ ಈ ಚಿತ್ರದ ಕೇಂದ್ರ, ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿಯನ್ನು ಬಿಟ್ಟು ಉಡುಪಿಯ ಕಡೆಯ ಬಂಧುಗಳ ಮನೆಗೆ ಬರುವ 11 ವರ್ಷದ ಹುಡುಗ. ಊರಿನಿಂದ ಮುಂಬಯಿಗೆ ಬಂದವರ ಕಥೆ ಎಲ್ಲರಿಗೂ ಗೊತ್ತು. ಮುಂಬಯಿಯಿಂದ ಊರಿಗೆ ಹೋದ ಮಗುವಿಗೆ ಆ ಊರು ಎಷ್ಟು ಪರದೇಶವೆಂಬುದನ್ನು ಹೇಳಿದವರು ವಿರಳ. ಚಿತ್ರ ನಿಧಾನವಾಗಿದೆ ಎಂಬ ದೂರು ಸುಳ್ಳಲ್ಲ. ಆದರೆ ದುಃಖದಲ್ಲಿರುವ ಮಗುವಿನ ಕಾಲವೂ ನಿಧಾನವಾಗಿಯೇ ಸಾಗುತ್ತದೆ ಎಂಬ ಸಮಾಧಾನವೂ ಸುಳ್ಳಲ್ಲ. ಇಂತಹ ಚಿತ್ರವು ಮಹಾನಗರದಲ್ಲಿ ಬಂದುಹೋದುದೇ ಹಲವರಿಗೆ ತಿಳಿಯುವುದಿಲ್ಲ. ಇದು ಚಿಂತಿಸಬೇಕಾದ ವಿಷಯ.

ದೊಡ್ಡ ಬಂಡವಾಳದ ಚಿತ್ರಕ್ಕೆ ಗೋಡೆಗೋಡೆಯ ಮೇಲೂ ಪ್ರಚಾರವಿದೆ. ಸಣ್ಣ ಚಿತ್ರಕ್ಕೆ ಇರುವುದು ನೋಡಿದವರ ಬಾಯಿ ಮಾತ್ರ. 2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ಇದಕ್ಕೆ ಒಳ್ಳೆಯ ನಿದರ್ಶನ. ಪೇಚಿನಿಂದ ಪಾರಾಗಲು ಮೈಮೇಲೆ ದೆವ್ವ ಬಂದಂತೆ ನಟಿಸಿ ಸಿಕ್ಕಿಬೀಳುವ ಕರಾವಳಿಯ ಹುಡುಗನ ಈ ಹಾಸ್ಯಕಥೆಯನ್ನು ಜೆ. ಪಿ. ತೂಮಿನಾಡ್ ನಿರ್ದೇಶಿಸಿದರು. ನೋಡಿದವರು ನಕ್ಕರು, ನೆರೆಯವರಿಗೆ ಹೇಳಿದರು. ದಿನದಿಂದ ದಿನಕ್ಕೆ ಪ್ರದರ್ಶನಗಳು ಹೆಚ್ಚಿದವು. ಆ ದೆವ್ವದ ಹೆಸರೂ ಸುಲೋಚನ! ಮೊದಲ ವಾಕ್ಚಿತ್ರದ ಸತಿಯ ಹೆಸರನ್ನೇ ಹೊತ್ತು, 91 ವರ್ಷಗಳ ಬಳಿಕ ಇನ್ನೊಬ್ಬ ಸುಲೋಚನ ಕನ್ನಡಿಗರನ್ನು ಚಿತ್ರಮಂದಿರಕ್ಕೆ ಎಳೆದುತಂದಳು. ಇದಕ್ಕೆ ವ್ಯತಿರಿಕ್ತವಾಗಿ, ಕರಾವಳಿಯ ಏಳು ಕಥೆಗಳ ‘ಏಕಂ’ ಎಂಬ ಕನ್ನಡ ಸರಣಿಯನ್ನು ಕೊಳ್ಳಲು ಸ್ಥಾಪಿತ ವೇದಿಕೆಗಳಾವುವೂ ಮುಂದಾಗದೆ, 2024ರಲ್ಲಿ ಅದರ ನಿರ್ಮಾಪಕರೇ ಸ್ವಂತ ಜಾಲತಾಣದ ಮೂಲಕ ಅದನ್ನು ಜನರಿಗೆ ತಲುಪಿಸಬೇಕಾಯಿತು. ನೋಡುವವರಿದ್ದಾರೆ ಎಂದು ತಿಳಿಯದ ಕಡೆ ಹಣ ಹೂಡುವವರು ಬರುವುದಿಲ್ಲ. ನೋಡಿದವರು ಮೌನವಾಗಿದ್ದರೆ ನೋಡುವವರಿದ್ದಾರೆಂದು ತಿಳಿಯುವ ಬಗೆಯೂ ಇಲ್ಲ.

ಇಲ್ಲಿಯೇ ಕುರುಡು ಹೊಗಳಿಕೆಯ ಹಾನಿ ಸ್ಪಷ್ಟವಾಗುವುದು. ಎಲ್ಲ ಚಿತ್ರವನ್ನೂ ‘ಸೂಪರ್’ ಎನ್ನುವವರ ಮಾತನ್ನು ನಂಬಿ ಒಂದು ಭಾನುವಾರವನ್ನೂ ಕುಟುಂಬದ ಟಿಕೆಟಿನ ಹಣವನ್ನೂ ಕಳೆದುಕೊಂಡವರು ಮುಂದಿನ ಬಾರಿ ನಿಜವಾಗಿ ಒಳ್ಳೆಯ ಚಿತ್ರ ಬಂದಾಗಲೂ ಮನೆಯಿಂದ ಕದಲುವುದಿಲ್ಲ. ಕೆಟ್ಟುದನ್ನು ಕೆಟ್ಟುದೆಂದು ಹೇಳಿದವರ ಬಾಯಿಂದ ಬಂದ ‘ಚೆನ್ನಾಗಿದೆ’ ಎಂಬ ಮಾತಿಗೆ ಮಾತ್ರ ತೂಕವುಂಟು.

ಧಾರಾವಾಹಿಗಳ ವಿಷಯದಲ್ಲಿ ಇನ್ನೊಂದು ಬದಲಾವಣೆಯನ್ನು ಗಮನಿಸಬೇಕು. 1987ರಲ್ಲಿ ಆರಂಭವಾದ ದೂರದರ್ಶನದ ‘ರಾಮಾಯಣ’ ಭಾನುವಾರ ಬೆಳಿಗ್ಗೆ ಒಂದು ಕಂತು ಮುಗಿದರೆ ಮುಂದಿನದಕ್ಕೆ ಒಂದು ವಾರ ಕಾಯಿಸುತ್ತಿತ್ತು. ಆಗುಂಬೆಯಲ್ಲಿ ಶಂಕರನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿ ಮಾತನಾಡಿದರೂ ಅದರ ಬೀದಿಗಳನ್ನೂ ಮುಖಗಳನ್ನೂ ಕನ್ನಡಿಗರು ತಮ್ಮವೆಂದು ಗುರುತಿಸಿ ಸಂತೋಷಪಟ್ಟರು. 1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ ಬಂದಾಗಲೂ ಇಂದಿನ ಕಂತಿಗೂ ನಾಳಿನ ಕಂತಿಗೂ ನಡುವೆ ಒಂದು ರಾತ್ರಿಯಿತ್ತು. ಆ ಬಿಡುವೇ ಮಾತಿನ ಕಾಲ. ಇಂದು ಸರಣಿಯ ಎಲ್ಲ ಕಂತುಗಳೂ ಒಮ್ಮೆಲೇ ಸಿಗುತ್ತವೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಆರಂಭವಾಗುತ್ತದೆ. ನೋಡುವವರು ಒಬ್ಬೊಬ್ಬರೇ, ಕಿವಿಯಲ್ಲಿ ಇಯರ್‌ಫೋನು, ಸಮಯ ರಾತ್ರಿ ಎರಡು ಗಂಟೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ವೈದ್ಯರ ಹಿತವಚನ. ಬೆಳಿಗ್ಗೆ ಏಳರ ಲೋಕಲ್ ಹಿಡಿಯಬೇಕಾದವರಿಗೆ ಈ ಲೆಕ್ಕ ಹೇಗೆ ಹೊಂದೀತು? ಒಂದು ರಾತ್ರಿಗೆ ಒಂದೇ ಕಂತು ಎಂಬ ನಿಯಮ ಕಣ್ಣಿಗೂ ನಿದ್ರೆಗೂ ಹಿತ. ಮಾರನೆಯ ದಿನದ ಸಂಭಾಷಣೆಗೂ ಹಿತ. ಏಳು ಕಂತುಗಳನ್ನು ಒಂದೇ ರಾತ್ರಿ ನುಂಗಿದವರಿಗೆ ಬೆಳಿಗ್ಗೆ ಉಳಿಯುವುದು ತಲೆನೋವೇ ಹೊರತು ಅಭಿಪ್ರಾಯವಲ್ಲ.

ಹಾಗಾದರೆ ಅಭಿಪ್ರಾಯ ಹೇಳುವ ಬಗೆ ಹೇಗೆ? ಅದಕ್ಕೆ ಪಾಂಡಿತ್ಯ ಬೇಡ. ಪೂರ್ತಿ ನೋಡಿ ಹೇಳಬೇಕು. ಹಿಡಿಸಿತೆಂದರೆ ಹಿಡಿಸಿದ ಒಂದು ಸನ್ನಿವೇಶವನ್ನು, ಹಿಡಿಸಲಿಲ್ಲವೆಂದರೆ ಬೇಸರ ತಂದ ಒಂದು ಜಾಗವನ್ನು ತೋರಿಸಬೇಕು. ಕೊನೆಯ ತಿರುವನ್ನು ಮುಚ್ಚಿಟ್ಟು, ನೋಡದವರ ಸುಖವನ್ನು ಕೆಡಿಸದಿರಬೇಕು. ಐದರಲ್ಲಿ ಮೂರು ನಕ್ಷತ್ರ ಎಂಬ ಎರವಲು ಲೆಕ್ಕವನ್ನು ಪತ್ರಿಕೆಗಳಿಗೇ ಬಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳು ತಡವರಿಸಿದರೂ, ನಡುವೆ ನಾಲ್ಕು ಇಂಗ್ಲಿಷ್ ಪದ ಬೆರೆಸಿದರೂ, ಅವರ ಮಾತು ಮುಗಿಯುವವರೆಗೆ ತಿದ್ದದೆ ಕೇಳಬೇಕು.

ಸಂಘಗಳೂ ಈ ದಿಸೆಯಲ್ಲಿ ಸುಲಭವಾಗಿ ನೆರವಾಗಬಹುದು. ವಾರ್ಷಿಕೋತ್ಸವದಲ್ಲಿ ತಾರೆಯರನ್ನು ಕರೆಸಿ ಶಾಲು ಹೊದಿಸುವುದು ಖರ್ಚಿನ ಕೆಲಸ. ಎರಡು ತಿಂಗಳಿಗೊಮ್ಮೆ, ಪರವಾನಗಿ ಪಡೆದು ಒಂದು ಸಣ್ಣ ಕನ್ನಡ ಚಿತ್ರವನ್ನು ಸಭಾಂಗಣದಲ್ಲಿ ತೋರಿಸಿ, ಮುಗಿದ ಮೇಲೆ ಅರ್ಧ ಗಂಟೆ ದೀಪ ಹಚ್ಚಿ ಕುರ್ಚಿಗಳನ್ನು ಹಾಗೆಯೇ ಬಿಟ್ಟರೆ ಸಾಕು. ಆ ಅರ್ಧ ಗಂಟೆಯಲ್ಲಿ ಅಧ್ಯಕ್ಷರ ಭಾಷಣವಿರಕೂಡದು. ಮೊದಲ ಮಾತು ಹದಿನೆಂಟು ತುಂಬದವರದಾಗಲಿ. ಚಿತ್ರ ಹಿಡಿಸಲಿಲ್ಲವೆಂದು ಯಾರಾದರೂ ಹುಡುಗಿ ಕನ್ನಡದಲ್ಲಿ ಕಾರಣ ಕೊಟ್ಟು ಹೇಳಿದರೆ, ಆ ದಿನದ ಮೊದಲ ಚಪ್ಪಾಳೆ ಅವಳಿಗೇ ಸಲ್ಲಲಿ.