14 ವರ್ಷದ ನಂತರ ಬಂದ ಎರಡನೇ ಪುಸ್ತಕ

ಕಾದಂಬರಿ ಸರಣಿಯೊಂದರ ಮುಂದಿನ ಭಾಗ ವರ್ಷಗಟ್ಟಲೆ ಬಾರದಿದ್ದರೆ ಓದುಗರು ಮುನಿಸಿಕೊಳ್ಳುತ್ತಾರೆ. ಬಂದ ಮೇಲೆ ಮೊದಲಿನ ರುಚಿ ಇಲ್ಲ ಎನ್ನುತ್ತಾರೆ. ಈ ಎರಡೂ ದೂರುಗಳನ್ನು ನಾನು ಒಪ್ಪುವುದಿಲ್ಲ. ವಿಚಿತ್ರ ಕಲ್ಪನೆಯ ಕಥೆಗಳಲ್ಲಂತೂ ಈ ದೀರ್ಘ ಬಿಡುವೇ ಆ ಕಲ್ಪನೆಯ ಸತ್ವಪರೀಕ್ಷೆ.

ಬ್ರಿಟನ್ನಿನ ಜಾಸ್ಪರ್ ಫೋರ್ಡ್ ಬರೆದ 'ಶೇಡ್ಸ್ ಆಫ್ ಗ್ರೇ' 2009ರ ಕೊನೆಗೆ ಬಂತು. ಅದರ ಮುಂದಿನ ಕಥೆ 'ರೆಡ್ ಸೈಡ್ ಸ್ಟೋರಿ' ಬಂದದ್ದು 2024ರಲ್ಲಿ. ಆ ಲೋಕದಲ್ಲಿ ಯಾರಿಗೂ ಎಲ್ಲ ಬಣ್ಣಗಳು ಕಾಣುವುದಿಲ್ಲ. ಯಾವ ಬಣ್ಣ ಎಷ್ಟು ಕಾಣುತ್ತದೆ ಎಂಬುದರಿಂದಲೇ ಮನುಷ್ಯನ ಅಂತಸ್ತು ನಿಗದಿಯಾಗುತ್ತದೆ. ನೇರಳೆಯವರು ಮೇಲೆ, ಬಣ್ಣವೇ ಕಾಣದ ಬೂದುಗಳು ಎಲ್ಲರ ಚಾಕರಿ ಮಾಡಬೇಕು. ಕೆಂಪಿನವರು ಹಸಿರಿನವರನ್ನು ಮದುವೆಯಾಗುವಂತಿಲ್ಲ. ಜಾತಿಯ ಬಿಸಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ವರ್ಷಗಳಲ್ಲಿ ಕಥೆಯ ಬಹುಪಾಲು ನನಗೆ ಮರೆತುಹೋಗಿತ್ತು. ಚಮಚ ಮಾತ್ರ ಮರೆತಿರಲಿಲ್ಲ. ಅಲ್ಲಿನ ನಿಯಮಗ್ರಂಥದಲ್ಲಿ ತಯಾರಿಸಬಹುದಾದ ವಸ್ತುಗಳ ಪಟ್ಟಿಯಿದೆ. ಅದರಲ್ಲಿ ಚಮಚ ಬಿಟ್ಟುಹೋಗಿದೆ. ನಿಯಮ ತಪ್ಪಲಾರದು ಎಂಬ ನಂಬಿಕೆಯಿಂದ ಹೊಸ ಚಮಚವನ್ನು ಯಾರೂ ಮಾಡುವಂತಿಲ್ಲ. ಹಳೆಯವೇ ಆಸ್ತಿಯಂತೆ ಮನೆತನದಲ್ಲಿ ಇಳಿದು ಬರುತ್ತವೆ. ನಗು ತರಿಸುವ ಈ ಒಂದು ವಿವರದೊಳಗೆ ಇಡೀ ಆಡಳಿತದ ಕ್ರೌರ್ಯ ಅಡಗಿದೆ: ತಪ್ಪು ಎದುರಿಗೇ ಇದ್ದರೂ ಕೇಳುವ ಬಾಯಿ ಯಾರಿಗೂ ಇಲ್ಲ. ಬರೀ ಚಮತ್ಕಾರಕ್ಕೆ ಪೋಣಿಸಿದ ವಿಚಿತ್ರಗಳು ನಾಲ್ಕು ದಿನಕ್ಕೆ ಮಾಸುತ್ತವೆ. ತಾನು ಹುಟ್ಟಿದ ಲೋಕದ ತರ್ಕದಲ್ಲಿ ಬೇರೂರಿದ ವಿಚಿತ್ರ ಉಳಿಯುತ್ತದೆ. ಮುಂದಿನ ಪುಸ್ತಕ ವರ್ಷಕ್ಕೊಂದು ಕೈಸೇರಿದ್ದರೆ ಈ ವ್ಯತ್ಯಾಸ ನನಗೆ ತಿಳಿಯುತ್ತಿರಲಿಲ್ಲ.

ಲೇಖಕರೂ ಬೆಳೆಯಬೇಕಲ್ಲ. ಉರ್ಸುಲಾ ಲೆ ಗ್ವಿನ್ 1972ರಲ್ಲಿ 'ಅರ್ಥ್‌ಸೀ'ಯ ಮೂರನೇ ಪುಸ್ತಕ ಕೊಟ್ಟು, ನಾಲ್ಕನೆಯದಾದ 'ತೆಹಾನು'ವನ್ನು 1990ರಲ್ಲಿ ತಂದರು. ಮಹಾಮಾಂತ್ರಿಕ ಗೆಡ್ ಅಲ್ಲಿ ಶಕ್ತಿ ಕಳೆದುಕೊಂಡವನು. ಕಥೆ ನಡೆಯುವುದು ಒಬ್ಬ ನಡುವಯಸ್ಸಿನ ವಿಧವೆ ಮತ್ತು ಮೈಸುಟ್ಟ ಮಗುವಿನ ಸುತ್ತ. ಹಳೆಯ ಸಾಹಸ ಬಯಸಿದ್ದವರಿಗೆ ನಿರಾಸೆಯಾಯಿತು, ನಿಜ. ಆದರೆ ತಾನೇ ಕಟ್ಟಿದ ಲೋಕದಲ್ಲಿ ದೊಡ್ಡ ಮಂತ್ರವಿದ್ಯೆಯೆಲ್ಲ ಗಂಡಸರ ಕೈಯಲ್ಲೇ ಏಕಿದೆ ಎಂದು ಲೇಖಕಿ ಅಲ್ಲಿ ಕೇಳಿಕೊಂಡರು. ಆ ಪ್ರಶ್ನೆ ಹಣ್ಣಾಗಲು ಆ ವರ್ಷಗಳು ಬೇಕಿದ್ದವು.

ನಷ್ಟವೇ ಇಲ್ಲವೆಂದಲ್ಲ. ಹೆಸರುಗಳು ಕಲಸಿಹೋಗುತ್ತವೆ, ನಿಯಮಗಳು ನೆನಪಿನಿಂದ ಜಾರುತ್ತವೆ. ಇದಕ್ಕೆ ಅಂತರ್ಜಾಲದ ಸಾರಾಂಶ ಮದ್ದಲ್ಲ. ಮೊದಲ ಪುಸ್ತಕವನ್ನೇ ಮತ್ತೆ ಹಿಡಿಯಬೇಕು. 'ಶೇಡ್ಸ್ ಆಫ್ ಗ್ರೇ' ಶುರುವಾಗುವಾಗ ನಾಯಕ ಎಡ್ಡಿ ರಸೆಟ್ ಮಾಂಸಾಹಾರಿ ಮರವೊಂದರ ಹೊಟ್ಟೆಯಲ್ಲಿ ಜೀರ್ಣವಾಗುತ್ತಿದ್ದಾನೆ, ಅಲ್ಲಿಂದಲೇ ಕಥೆ ಹೇಳುತ್ತಾನೆ. ಮೊದಲ ಓದಿಗೆ ಅದು ತಮಾಷೆ. ಎರಡನೇ ಸಲ ಓದುವಾಗ ಕಿವಿಗೆ ಬೀಳುವುದು ಅವನ ವಿಧೇಯ ದನಿ. ಒಳ್ಳೆಯ ಮನೆತನದ ಹೆಣ್ಣನ್ನು ಕಟ್ಟಿಕೊಂಡು ಅಂತಸ್ತು ಏರಿದರೆ ಸಾಕೆಂದುಕೊಂಡಿದ್ದ ಹುಡುಗ, ಜೇನ್ ಎಂಬ ಬೂದು ಹೆಣ್ಣಿನಿಂದಾಗಿ ಪ್ರಶ್ನೆ ಕೇಳುವುದನ್ನು ಕಲಿಯುತ್ತಾನೆ. ಈ ಬದಲಾವಣೆಯನ್ನು ಹೆಜ್ಜೆಹೆಜ್ಜೆಗೆ ಕಂಡವರಿಗೇ 'ರೆಡ್ ಸೈಡ್ ಸ್ಟೋರಿ' ಪೂರ್ತಿ ದಕ್ಕುವುದು. ನೀವೂ ಇಂಥ ಸರಣಿಯೊಂದಕ್ಕೆ ಕಾದಿದ್ದರೆ, ಹೊಸ ಪುಸ್ತಕ ತೆರೆಯುವ ಮೊದಲು ಹಳೆಯದಕ್ಕೆ ಒಂದು ವಾರ ಕೊಡಿ.