ಸೊಂಟದ ಪಿಸ್ತೂಲು ಮರೆಯಲ್ಲಿರಲಿ, ಮೆರೆಯುವುದು ಬೇಡ

ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪ. ಎರಡನೇ ಪಂಕ್ತಿಯ ಊಟಕ್ಕೆ ಕುಳಿತಿದ್ದೆವು. ಎದುರು ಸಾಲಿನಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯ ಯಜಮಾನರೊಬ್ಬರು. ಬಿದ್ದ ಲೋಟ ಎತ್ತಿಕೊಳ್ಳಲು ಬಗ್ಗಿದರು, ಸೊಂಟದಿಂದ ಪಿಸ್ತೂಲು ಜಾರಿ ನೆಲಕ್ಕೆ ಬಿತ್ತು. ಚೀಲವಿಲ್ಲ, ಪೌಚಿಲ್ಲ, ಬೆಲ್ಟಿಗೆ ಸುಮ್ಮನೆ ಸಿಕ್ಕಿಸಿಕೊಂಡಿದ್ದರು. ಪಕ್ಕದಲ್ಲಿದ್ದ ಐದಾರು ವರ್ಷದ ಮಗು ಕೈ ಚಾಚಿತು. ಅಜ್ಜಿಯೊಬ್ಬರು ಮಗುವಿನ ರಟ್ಟೆ ಹಿಡಿದು ಎಳೆದುಕೊಂಡರು. ಯಜಮಾನರು ನಕ್ಕು, ಎತ್ತಿ, ಮತ್ತೆ ಅದೇ ಜಾಗಕ್ಕೆ ಸಿಕ್ಕಿಸಿದರು. ಸುತ್ತಲಿದ್ದವರೂ ನಕ್ಕರು. ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಅವತ್ತು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇವತ್ತು ಬರೆಯುತ್ತಿದ್ದೇವೆ.

"ಲೈಸೆನ್ಸ್ ಐತೆ, ಏನೀಗ?" ಅಂತ ಕೇಳುವವರಿದ್ದಾರೆ. ಲೈಸೆನ್ಸ್ ಇರುವುದು ಇಟ್ಟುಕೊಳ್ಳುವುದಕ್ಕೆ, ತೋರಿಸಿಕೊಂಡು ತಿರುಗುವುದಕ್ಕಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ಇದನ್ನು ನೇರವಾಗಿಯೇ ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವವರು ಅದಕ್ಕೆಂದೇ ಮಾಡಿದ ಹೋಲ್‌ಸ್ಟರ್‌ನಲ್ಲೋ ಅಂಥದೇ ಚೀಲದಲ್ಲೋ ಇಟ್ಟು ಮೈಗೆ ಕಟ್ಟಿಕೊಂಡಿರಬೇಕು. ಅದು ಪೂರ್ತಿ ಮುಚ್ಚಿರಬೇಕು. ಸದಾ ಅವರ ಹಿಡಿತದಲ್ಲಿರಬೇಕು. ಎತ್ತಿ ಝಳಪಿಸುವುದು ನಿಷಿದ್ಧ. ಅಂದರೆ ಅಂಗಿ ಮೇಲೆತ್ತಿ ತೋರಿಸುವುದು ದೊಡ್ಡಸ್ತಿಕೆಯಲ್ಲ, ನಿಯಮ ಮುರಿದ ಹಾಗೆ.

ಹಾಗಾದರೆ ಎಂಥ ಹೋಲ್‌ಸ್ಟರ್ ತೆಗೆದುಕೊಳ್ಳಬೇಕು? ನಮ್ಮ ಕಡೆ ಇದನ್ನು ಯಾರೂ ವಿಚಾರಿಸುವುದಿಲ್ಲ. ಪಿಸ್ತೂಲಿಗೆ ಲಕ್ಷ ಸುರಿದವರು ಚೀಲಕ್ಕೆ ಸಾವಿರ ಕೊಡಲು ಹಿಂದೆಮುಂದೆ ನೋಡುತ್ತಾರೆ. ಅಂಗಡಿಯವನು ಕೊಟ್ಟ ಮೆತ್ತನೆಯ ಬಟ್ಟೆ ಪೌಚನ್ನೇ ಕಟ್ಟಿಕೊಳ್ಳುತ್ತಾರೆ. ಇಲ್ಲವೇ ಸಿನಿಮಾದಲ್ಲಿ ನೋಡಿದ, ಹಿಡಿ ಹೊರಗೆ ಕಾಣುವ ಚರ್ಮದ್ದನ್ನು ಹುಡುಕುತ್ತಾರೆ. ಎರಡೂ ತಪ್ಪು.

ಮೊದಲು ನೋಡಬೇಕಾದ್ದು ಕುದುರೆ, ಅಂದರೆ ಟ್ರಿಗರ್. ಹೋಲ್‌ಸ್ಟರ್ ಅದನ್ನು ಪೂರ್ತಿ ಮುಚ್ಚಬೇಕು. ಹೊರಗಿನಿಂದ ಒತ್ತಿದರೂ ಒಳಗೆ ತಾಗದಷ್ಟು ಗಟ್ಟಿ ಇರಬೇಕು. ಮೆತ್ತನೆಯ ಚೀಲದಲ್ಲಿ ಬೀಗದ ಕೈಯೋ ಅಂಗಿಯ ತುದಿಯೋ ಸಿಕ್ಕಿದರೆ ಗುಂಡು ಹಾರಬಹುದು. ಎರಡನೆಯದು ಹಿಡಿತ. ಬಗ್ಗಿದರೂ ಓಡಿದರೂ ಬೀಳಬಾರದು. ಮೂರನೆಯದು ಬಾಯಿ. ಪಿಸ್ತೂಲು ತೆಗೆದ ಮೇಲೂ ಚೀಲದ ಬಾಯಿ ತೆರೆದೇ ಇರಬೇಕು, ಮತ್ತೆ ಇಡುವಾಗ ಇನ್ನೊಂದು ಕೈಯಿಂದ ಬಿಡಿಸುವ ಹಾಗಿರಬಾರದು. ನಾಲ್ಕನೆಯದು ಬೆಲ್ಟು. ಸಡಿಲ ಬೆಲ್ಟಿಗೆ ಎಂಥ ಹೋಲ್‌ಸ್ಟರ್ ಹಾಕಿದರೂ ಜೋತಾಡುತ್ತದೆ. ಪಂಚೆಗಂತೂ ಆಗಿಬರುವುದೇ ಇಲ್ಲ.

ಇನ್ನು ಆರಾಮ. ಇದನ್ನು ಶೋಕಿಯ ಮಾತು ಅಂದುಕೊಳ್ಳಬೇಡಿ, ಜೀವದ ಮಾತು. ಹನೂರಿನಿಂದ ಕೊಳ್ಳೇಗಾಲಕ್ಕೆ ಬೈಕಿನಲ್ಲಿ ಬರುವವನಿಗೆ ಹೊಟ್ಟೆಯ ಮುಂದೆ ಕಟ್ಟಿದ್ದು ಚುಚ್ಚುತ್ತದೆ. ಬೆನ್ನ ನಡುವೆ ಕಟ್ಟಿದರೆ, ಬೈಕ್ ಜಾರಿ ಅಂಗಾತ ಬಿದ್ದಾಗ ಬೆನ್ನುಮೂಳೆಗೇ ಪೆಟ್ಟು. ಬಲಗೈಯವರಿಗೆ ಬಲ ಸೊಂಟದ ಮೂಳೆಯಿಂದ ತುಸು ಹಿಂದೆ ಇದ್ದರೆ ಕೂರಲೂ ಏಳಲೂ ಸಲೀಸು. ನಮ್ಮ ಬಿಸಿಲಿನಲ್ಲಿ ಚರ್ಮ ಬೆವರು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ಬೆವರು ಹೀರುವುದಿಲ್ಲ, ಆದರೆ ಬರಿಮೈಯನ್ನು ಉಜ್ಜಿ ಗಾಯ ಮಾಡುತ್ತದೆ. ಒಳಗೊಂದು ಬನಿಯನ್ ಇರಬೇಕು.

ಆರಾಮ ಯಾಕೆ ಮುಖ್ಯ ಅಂದರೆ, ಚುಚ್ಚುವ ಹೋಲ್‌ಸ್ಟರನ್ನು ಯಾರೂ ದಿನವಿಡೀ ಕಟ್ಟಿಕೊಂಡಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಚ್ಚುತ್ತಾರೆ. ಆಮೇಲೆ ಅದು ಸ್ಕೂಟರ್ ಡಿಕ್ಕಿಗೋ, ಕಾರಿನ ಸೀಟಿನ ಕೆಳಗೋ, ಫ್ರಿಜ್ ಮೇಲಕ್ಕೋ, ದಿಂಬಿನ ಅಡಿಗೋ ಹೋಗುತ್ತದೆ. ಮಕ್ಕಳ ಕೈಗೆ ಸಿಗುವುದು ಅಲ್ಲೇ. ಮೈಮೇಲೆ ಇಟ್ಟುಕೊಳ್ಳಲು ಆಗದಿದ್ದರೆ ಅದರ ಜಾಗ ಬೀಗ ಹಾಕಿದ ಪೆಟ್ಟಿಗೆ. ನಡುವೆ ಮೂರನೇ ಜಾಗವಿಲ್ಲ.

"ನಮಗೆ ಶತ್ರುಗಳಿದ್ದಾರೆ, ನಾಲ್ಕು ಜನಕ್ಕೆ ಕಂಡರೆ ಹೆದರುತ್ತಾರೆ" ಅನ್ನುವವರಿಗೆ ನಮ್ಮ ಉತ್ತರ ಇದು. ನಿಜವಾಗಿ ಶತ್ರು ಇದ್ದರೆ ನಿಮ್ಮ ಪಿಸ್ತೂಲು ಎಲ್ಲಿದೆ ಎಂದು ಅವನಿಗೆ ತೋರಿಸುತ್ತೀರಾ? ಮೊದಲು ಯಾವುದಕ್ಕೆ ಕೈಹಾಕಬೇಕೆಂದು ನೀವೇ ಹೇಳಿಕೊಟ್ಟ ಹಾಗಾಗುತ್ತದೆ. ಈ ನೆಲಕ್ಕೆ ಇದನ್ನು ಯಾರೂ ಕಲಿಸಬೇಕಿಲ್ಲ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು ಹೊತ್ತುಕೊಂಡು ಹೋಯಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುದಾಳಿಯಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಪ್ರಾಣ ಬಿಟ್ಟರು. ಅವರು ತರಬೇತಿ ಪಡೆದವರು, ಆಯುಧ ಇದ್ದವರು, ಧೈರ್ಯಕ್ಕೂ ಕಡಿಮೆ ಇರಲಿಲ್ಲ. 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಎತ್ತಿಕೊಂಡು ಹೋದಾಗ ಊರಿಗೂರೇ ನಡುಗಿದ್ದನ್ನು ನಮ್ಮ ಮನೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಇಷ್ಟೆಲ್ಲ ಕಂಡ ಸೀಮೆಯಲ್ಲಿ ಮದುವೆ ಮನೆಗೆ ಪಿಸ್ತೂಲು ಒಡವೆಯಾಗಿ ಬರುತ್ತದೆ ಅಂದರೆ ನಾಚಿಕೆಯಾಗಬೇಕು.

ಈಗ ಇನ್ನೊಂದು ಚಿತ್ರ ನೋಡಿ. ಕಾಡಂಚಿನ ರೈತ. ರಾಗಿಗೋ ಮುಸುಕಿನ ಜೋಳಕ್ಕೋ ಹಂದಿ ನುಗ್ಗುತ್ತದೆ ಅಂತ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ ಇಟ್ಟುಕೊಂಡವನು. ಬೆಳೆ ರಕ್ಷಣೆಗೆ ಇಂಥ ಕೋವಿಯ ಲೈಸೆನ್ಸ್ ಕೊಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ಆದರೆ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರಿಗೆ ಹೊಸ ಲೈಸೆನ್ಸ್ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ, ಮತ್ತೊಂದು ಕಡೆ ಕಾವೇರಿ ವನ್ಯಧಾಮ. ಕಾಡಂಚಿನ ನಮ್ಮ ಊರುಗಳೆಲ್ಲ ಆ ಗೆರೆಯೊಳಗೇ ಇವೆ.

ಚುನಾವಣೆ ಬಂತೆಂದರೆ ಇದೇ ರೈತ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ ಹತ್ತಿ ಠಾಣೆಗೆ ಒಪ್ಪಿಸಿ ಬರಬೇಕು. ಬಸ್ಸಿನಲ್ಲಿ ಎಲ್ಲರೂ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. ಯಾರ ಆಯುಧ ಜಮಾ ಆಗಬೇಕು ಎಂಬುದನ್ನು ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ. ಒಂದೇ ಆದೇಶದಲ್ಲಿ ಎಲ್ಲರನ್ನೂ ಸಾಲು ನಿಲ್ಲಿಸಿದರೆ ಆ ಸೂಚನೆಗೆ ಏನು ಬೆಲೆ? ಹಂದಿಗೆ ನೀತಿ ಸಂಹಿತೆ ಗೊತ್ತಿಲ್ಲ. ಗೋಣಿಚೀಲದ ರೈತ ಕೋವಿ ಮುಚ್ಚಿಕೊಂಡು ನಿಯಮ ಪಾಲಿಸುತ್ತಾನೆ, ಬಿಳಿ ಅಂಗಿಯ ಯಜಮಾನರು ತೆರೆದು ತೋರಿಸುತ್ತಾರೆ. ಕೈಮುಗಿಸಿಕೊಳ್ಳುವವರು ಮಾತ್ರ ಯಜಮಾನರು.

ನಾವು ಕೇಳುವುದು ದೊಡ್ಡದೇನಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣ. ಆ ದಿನ ಕಾಗದದ ಜೊತೆ ಹೋಲ್‌ಸ್ಟರ್ ಮತ್ತು ಬೀಗದ ಪೆಟ್ಟಿಗೆಯನ್ನೂ ನೋಡಲಿ. ಪೊಲೀಸ್ ಇಲಾಖೆ ನಾಗರಿಕರಿಗೆ ನಡೆಸುವ ಬಂದೂಕು ತರಬೇತಿಯಲ್ಲಿ ಗುರಿ ಹೊಡೆಯುವುದರಷ್ಟೇ ಒಯ್ಯುವುದನ್ನೂ ಕಲಿಸಲಿ. ಬೆಳೆ ಕೋವಿಯವರಿಗೆ ಕ್ಯಾನ್ವಾಸ್ ಕವರ್ ಹೊಲಿಸಿಕೊಡಲು ಪಂಚಾಯಿತಿಗಳು ಮುಂದೆ ಬರಲಿ, ಅದೇನು ಕೋಟಿ ಬಾಬತ್ತಲ್ಲ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದು ಕಲ್ಯಾಣ ಮಂಟಪದವರು ಬಾಗಿಲಲ್ಲೇ ಬೋರ್ಡು ಹಾಕಲಿ.

ನಮ್ಮ ತಪ್ಪೂ ಇದೆ. ಸೊಂಟದಲ್ಲಿ ಪಿಸ್ತೂಲು ಕಾಣುವ ಹಾಗೆ ನಿಂತ ಮುಖಂಡರ ಹುಟ್ಟುಹಬ್ಬದ ಫೋಟೊವನ್ನು ನಾವೇ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದ್ದೇವೆ, ಜಾಹೀರಾತು ಸಿಗುತ್ತದೆಂಬ ಆಸೆಗೆ. ಇನ್ನು ಹಾಕುವುದಿಲ್ಲ. ನಿಮ್ಮ ಫೋನಿಗೆ ಅಂಥದ್ದು ಬಂದರೆ ನೀವೂ ಮುಂದಕ್ಕೆ ಕಳಿಸಬೇಡಿ.

ಯಜಮಾನರೇ, ನಿಮ್ಮ ಹತ್ತಿರ ಪಿಸ್ತೂಲು ಇರುವುದು ನಮಗೆ ಗೊತ್ತೇ ಆಗಬಾರದು. ಹಾಗೆ ಕಟ್ಟಿಕೊಳ್ಳುವುದು ಬರದಿದ್ದರೆ ಮನೆಯಲ್ಲಿ ಬೀಗ ಹಾಕಿಟ್ಟು ಊಟಕ್ಕೆ ಬನ್ನಿ. ಮುಂದಿನ ಮದುವೆಯಲ್ಲಿ ಆ ಅಜ್ಜಿ ಪಕ್ಕದಲ್ಲಿ ಇರುತ್ತಾರೆಂದು ಹೇಳಲಾಗದು.